ಸಿಟಿ ಸ್ಕ್ಯಾನ್ ಇರುವಾಗ ದೇಹದ ಚಿತ್ರ ಬಿಡಿಸುವವರು ಯಾಕೆ ಬೇಕು?

ಜಯನಗರದ ಸೋದರಮಾವ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ವಾದ ಶುರುವಾಗಿದೆ, ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಅಕ್ಕನ ಮಗಳು ಇಲ್ಲೇ ಬೆಂಗಳೂರಲ್ಲಿ ಚಿತ್ರಕಲೆ ಓದಿ ಮುಗಿಸಿದ್ದಾಳೆ. ಕೈ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಈಗ ಮೆಡಿಕಲ್ ಇಲಸ್ಟ್ರೇಟರ್ ಆಗ್ತೀನಿ ಅಂತ ಪಟ್ಟು ಹಿಡಿದಿದ್ದಾಳೆ. ಡಾಕ್ಟರ್‌ಗಳ ಪುಸ್ತಕಕ್ಕೆ, ಆಪರೇಷನ್ ವಿವರಿಸುವುದಕ್ಕೆ, ಉಪಕರಣ ಮಾಡುವ ಕಂಪನಿಗಳಿಗೆ ದೇಹದ ಚಿತ್ರ ಬಿಡಿಸುವ ಕೆಲಸ. ಭಾವನಿಗೆ ಇದು ಸುತರಾಂ ಒಪ್ಪಿಗೆ ಇಲ್ಲ. ಅವರಿಗೆ ಈಚೆಗೆ ಹೃದಯದ ಸಿಟಿ ಆಂಜಿಯೋ ಆಯಿತು. ಡಾಕ್ಟರ್ ಕಂಪ್ಯೂಟರ್‌ನಲ್ಲಿ ಇವರದೇ ಹೃದಯವನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದರಂತೆ. ಕೆಂಪಗೆ, ಹೊಳಪಾಗಿ, ಮೇಲೆ ಹರಿದಿರುವ ರಕ್ತನಾಳದ ಸಮೇತ. ಮನೆಗೆ ಬಂದವರೇ ಮಗಳಿಗೆ, "ಮೆಷಿನ್ನೇ ಇಷ್ಟು ಚೆನ್ನಾಗಿ ಫೋಟೋ ತೆಗೆಯುತ್ತೆ, ನಿನ್ನ ಪೆನ್ಸಿಲ್ ಯಾರಿಗೆ ಬೇಕಮ್ಮ?" ಅಂದರು. ಅವಳು ತಟ್ಟೆ ಬಿಟ್ಟು ಎದ್ದು ಹೋದಳು.

ಭಾವ ಹೇಳುವುದರಲ್ಲಿ ಹುರುಳಿದೆಯಾ? ಸ್ಕ್ಯಾನು, ರೋಬೋಟು, ಎಐ ಎಲ್ಲಾ ಬಂದ ಮೇಲೂ ಈ ಕೆಲಸಕ್ಕೆ ಕಲಾವಿದರು ಬೇಕಾ? ಬಲ್ಲವರು ಹೇಳಿ. ಸುಮ್ನೆ "ಮನಸ್ಸಿಗೆ ಇಷ್ಟವಾದದ್ದು ಮಾಡಲಿ ಬಿಡಿ" ಅನ್ನುವ ಉತ್ತರ ಬೇಡ. ಅದನ್ನು ನಾನೇ ಹೇಳಿ ಬೈಸಿಕೊಂಡಾಗಿದೆ.

ಚಾಮರಾಜಪೇಟೆ ಚಕ್ಲಿ

ಭಾವನ ಹೃದಯ ಸರಿ ಇದೆ ತಾನೇ? ಅದನ್ನೇ ಹೇಳಲಿಲ್ಲವಲ್ಲ ಮಾರಾಯ್ರೇ!

ಜಯನಗರದ ಸೋದರಮಾವ

ಸರಿ ಇದೆ. ರಕ್ತನಾಳದಲ್ಲೂ ಬ್ಲಾಕ್ ಇಲ್ಲ, ಬಾಯಲ್ಲೂ ಇಲ್ಲ.

ಕಪ್ಪುಬಿಳುಪು

ನಾನು ಸಿಟಿ ಟೆಕ್ನಿಷಿಯನ್. ಮೊದಲು ಒಂದು ಮಾತು: ಅವರು ನೋಡಿದ್ದು ಫೋಟೋ ಅಲ್ಲ.

ಸಿಟಿ ಮೆಷಿನ್‌ಗೆ ಬಣ್ಣ ಅನ್ನುವುದೇ ಗೊತ್ತಿಲ್ಲ. ದೇಹದ ಯಾವ ಜಾಗ ಎಕ್ಸ್‌ರೇಯನ್ನು ಎಷ್ಟು ತಡೆಯಿತು ಅಂತ ಲೆಕ್ಕ ಹಾಕಿ, ಒಂದೊಂದು ಚುಕ್ಕೆಗೂ ಒಂದು ಸಂಖ್ಯೆ ಕೊಡುತ್ತೆ, ಅಷ್ಟೇ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಹೌನ್ಸ್‌ಫೀಲ್ಡ್ ಯೂನಿಟ್ ಅಂತೀವಿ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತಲ್ಲ, ಆ ಮೆಷಿನ್ ಕಟ್ಟಿದ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹೆಸರು ಅದು. 1979ರಲ್ಲಿ ನೊಬೆಲ್ ಬಂತು.

ಇಷ್ಟೊಂದು ಸಂಖ್ಯೆಗಳನ್ನು ಒಟ್ಟಿಗೆ ಬೂದು ಬಣ್ಣ ಮಾಡಿ ತೋರಿಸಿದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯಲ್ಲ. ಅದಕ್ಕೆ ಒಂದು ಭಾಗವನ್ನಷ್ಟೇ ಆರಿಸಿಕೊಳ್ಳುತ್ತೇವೆ. ಅದನ್ನೇ ವಿಂಡೋ ಅನ್ನುವುದು. ಅಗಲ ಅಂದರೆ ಎಷ್ಟು ಸಂಖ್ಯೆಗಳ ಹರವು, ನಡು ಅಂದರೆ ಆ ಹರವಿನ ಮಧ್ಯದ ಸಂಖ್ಯೆ. ಮೆದುಳಿಗೆ ಅಗಲ 80, ನಡು 40. ಶ್ವಾಸಕೋಶಕ್ಕೆ ಅಗಲ 1500, ನಡು ಮೈನಸ್ 600. ಅದೇ ಎದೆ, ಅದೇ ಸ್ಕ್ಯಾನ್. ಲಂಗ್ ವಿಂಡೋದಲ್ಲಿ ಇಟ್ಟರೆ ಶ್ವಾಸಕೋಶದ ಸಣ್ಣ ಕವಲೂ ಕಾಣುತ್ತೆ, ಹೃದಯ ಬರೀ ಬಿಳಿ ಮುದ್ದೆ. ವಿಂಡೋ ಬದಲಿಸಿ, ಹೃದಯ ಬಂತು, ಶ್ವಾಸಕೋಶ ಪೂರ್ತಿ ಕಪ್ಪು. ಇದರಲ್ಲಿ ಯಾವುದು "ಫೋಟೋ" ಅಂತ ಭಾವನವರನ್ನೇ ಕೇಳಿ.

ಆ ಕೆಂಪು? ಸಾಫ್ಟ್‌ವೇರ್ ಹಚ್ಚಿದ್ದು.

ವೈಟ್‌ಫೀಲ್ಡ್ ವಾಕ್ಸೆಲ್

ಸಾಫ್ಟ್‌ವೇರ್ ಹಚ್ಚಲಿಲ್ಲ ಸ್ವಾಮಿ, ನಮ್ಮಂಥವರು ಹಚ್ಚಿದ್ದು. 😄 ಸ್ಕ್ಯಾನ್ ಸಂಖ್ಯೆಗಳಿಂದ ಮೂರು ಆಯಾಮದ ಚಿತ್ರ ಮಾಡುವ ಕೋಡ್ ಬರೆಯುವುದು ನನ್ನ ಹೊಟ್ಟೆಪಾಡು.

ಸಂಖ್ಯೆ ಇಷ್ಟರಿಂದ ಇಷ್ಟರವರೆಗೆ ಇದ್ದರೆ ಈ ಬಣ್ಣ, ಇಷ್ಟು ಪಾರದರ್ಶಕ ಅಂತ ಒಂದು ಪಟ್ಟಿ ಮಾಡುತ್ತೇವೆ. ಟ್ರಾನ್ಸ್‌ಫರ್ ಫಂಕ್ಷನ್ ಅಂತ ಹೆಸರು. ಅದನ್ನು ಕೂಡಿಸುವಾಗ ಆಗುವ ಜಗಳ ನೀವು ನೋಡಬೇಕು. ಒಬ್ಬ ಡಾಕ್ಟರ್ "ಇಷ್ಟು ಕೆಂಪು ಬೇಡ, ರೋಗಿ ಹೆದರುತ್ತಾರೆ" ಅಂದರು. ಇನ್ನೊಬ್ಬರು "ಮೂಳೆ ಇಷ್ಟು ಬೆಳ್ಳಗಿದ್ದರೆ ಪ್ಲಾಸ್ಟಿಕ್ ಅನ್ನಿಸುತ್ತೆ, ಸ್ವಲ್ಪ ಹಳದಿ ಬೆರೆಸಿ" ಅಂದರು. ಬೆಳಕು ಎಡಗಡೆ ಮೇಲಿಂದ ಬೀಳಬೇಕಾ, ನೇರ ಎದುರಿಂದ ಬೀಳಬೇಕಾ ಅಂತ ಒಂದು ಮಧ್ಯಾಹ್ನ ಪೂರ್ತಿ ಚರ್ಚೆ. ಈಗ ಸಿನಿಮ್ಯಾಟಿಕ್ ರೆಂಡರಿಂಗ್ ಅಂತ ಬಂದಿದೆ. ಅನಿಮೇಷನ್ ಸಿನಿಮಾದಲ್ಲಿ ಬೆಳಕು ಹೇಗೆ ಪುಟಿಯುತ್ತೆ, ನೆರಳು ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕುವ ವಿಧಾನವನ್ನೇ ಸ್ಕ್ಯಾನ್‌ಗೆ ತಂದಿದ್ದು. ನೆರಳು ಬಿದ್ದ ತಕ್ಷಣ ಯಾವ ರಕ್ತನಾಳ ಮೇಲಿದೆ, ಯಾವುದು ಕೆಳಗಿದೆ ಅಂತ ಗೊತ್ತಾಗುತ್ತೆ. ನೆರಳಿನಿಂದ ಆಳ ತೋರಿಸುವುದು ಚಿತ್ರಗಾರರ ಹಳೇ ವಿದ್ಯೆ. ನಾವು ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೇವೆ.

ಇನ್ನೊಂದು. ಕೈಗೆ ಚುಚ್ಚಿದ ಅಯೋಡಿನ್ ಔಷಧ ಇಲ್ಲದಿದ್ದರೆ ಭಾವನವರ ಹೃದಯದ ರಕ್ತನಾಳ ಅಷ್ಟು ಸ್ಪಷ್ಟವಾಗಿ ಕಾಣುತ್ತಲೇ ಇರಲಿಲ್ಲ. ಬಣ್ಣ ಹಚ್ಚುವ ಕೆಲಸ ದೇಹದ ಒಳಗೇ ಶುರುವಾಗಿತ್ತು ಅನ್ನಿ.

ಬನಶಂಕರಿ ಬಿಂದಾಸ್

ಸರಿ ಗುರು, ಎಂಜಿನಿಯರ್ ಬಣ್ಣ ಹಚ್ಚಿದ. ಇದರಲ್ಲಿ ಚಿತ್ರಕಲೆ ಓದಿದ ಹುಡುಗಿ ಎಲ್ಲಿ ಬಂದಳು? ಭಾವ ಗೆದ್ದರು, ಆಟ ಮುಗೀತು.

ಫಾರ್ಮಲಿನ್ ಮೇಡಂ

ಮುಗಿದಿಲ್ಲ. ನಾನು ಅನಾಟಮಿ, ಅಂದರೆ ದೇಹರಚನೆಯ ಪಾಠ ಮಾಡುವವಳು.

ಪ್ರತಿ ವರ್ಷ ಹೊಸ ಬ್ಯಾಚ್ ಬರುತ್ತೆ. ಮೊದಲು ದೇಹದಾನ ಮಾಡಿದವರಿಗೆ ಗೌರವ ಸಲ್ಲಿಸುವ ಪ್ರತಿಜ್ಞೆ, ಆಮೇಲೆ ಡಿಸೆಕ್ಷನ್, ಅಂದರೆ ದೇಹ ಕೊಯ್ದು ನೋಡುವುದು. ಮಕ್ಕಳು ಅಟ್ಲಾಸ್ (ದೇಹದ ಚಿತ್ರಗಳ ಪುಸ್ತಕ) ನೋಡಿಕೊಂಡು ಬಂದಿರುತ್ತಾರೆ: ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಟೇಬಲ್ ಮೇಲೆ ನೋಡಿದರೆ ಎಲ್ಲಾ ಒಂದೇ ಬೂದು ಕಂದು. ಕಂಕುಳ ಬಿಡಿಸಿ ತೋರಿಸಿದಾಗ "ಮೇಡಂ, ನರ ಯಾವುದು, ರಕ್ತನಾಳ ಯಾವುದು?" ಅಂತ ಕಂಗಾಲಾಗುತ್ತಾರೆ. ಬೆರಳಲ್ಲಿ ಹಿಡಿದು ಹೊರಳಿಸಿ ನೋಡಿ ಅಂತೀನಿ. ನರ ಗಟ್ಟಿ ಹುರಿಯಾಗಿ ಸಿಗುತ್ತೆ. ಅಪಧಮನಿಯ ಗೋಡೆ ದಪ್ಪ, ಒತ್ತಿದರೆ ಒಳಗೆ ಟೊಳ್ಳು ಅಂತ ತಿಳಿಯುತ್ತೆ. ಅಭಿಧಮನಿ ಚಪ್ಪಟೆಯಾಗಿ ಕೂತಿರುತ್ತೆ.

ತಮಾಷೆ ಏನು ಗೊತ್ತಾ? ಮ್ಯೂಸಿಯಂಗೆ ಇಡುವ ಸ್ಪೆಸಿಮನ್‌ಗೆ ನಾವೇ ಸಣ್ಣ ಬ್ರಷ್ ಹಿಡಿದು ಕೆಂಪು, ನೀಲಿ, ಹಳದಿ ಪೇಂಟ್ ಹಚ್ಚುತ್ತೇವೆ. ನಿಜವಾದ ದೇಹವನ್ನು ಪುಸ್ತಕದ ಚಿತ್ರಕ್ಕೆ ಹೊಂದಿಸುವ ಕೆಲಸ!

ಬಿಂದಾಸ್ ಅವರೇ, ಅಟ್ಲಾಸ್ ಅಂದರೆ ನಮ್ಮ ಮೆಟ್ರೋ ನಕ್ಷೆ ಇದ್ದ ಹಾಗೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಹಸಿರು ಗೆರೆ ಕೂಡುತ್ತೆ ಅಂತ ಅದು ಹೇಳುತ್ತೆ. ರಸ್ತೆ, ಮರ, ಗುಂಡಿ ಒಂದನ್ನೂ ತೋರಿಸಲ್ಲ, ಅದಕ್ಕೇ ದಾರಿ ಸಿಗುತ್ತೆ. ಉಪಗ್ರಹದ ಫೋಟೋ ಕೊಟ್ಟು ಮೆಟ್ರೋ ಹತ್ತು ಅಂದರೆ ಹತ್ತುತ್ತೀರಾ? ಸ್ಕ್ಯಾನ್‌ನಲ್ಲಿ ಎಲ್ಲವೂ ಇರುತ್ತೆ. ಏನನ್ನು ಬಿಡಬೇಕು ಅಂತ ತೀರ್ಮಾನಿಸುವ ಕೈ ಬೇಕು.

ಬನಶಂಕರಿ ಬಿಂದಾಸ್

ನಮ್ಮ ಏರಿಯಾದಲ್ಲಿ ಗುಂಡಿ ತೋರಿಸುವ ನಕ್ಷೆಯೇ ಜಾಸ್ತಿ ಉಪಯೋಗ ಮೇಡಂ.

ಪಿಂಕ್ ಪರ್ಪಲ್

ಎಂಬಿಬಿಎಸ್ ಫಸ್ಟ್ ಇಯರ್‌ನ ಹಿಸ್ಟಾಲಜಿ ರೆಕಾರ್ಡ್ (ಮೈಕ್ರೋಸ್ಕೋಪ್‌ನಲ್ಲಿ ಕಂಡ ಅಂಗಾಂಶ ಬಿಡಿಸುವ ಪುಸ್ತಕ) ನೆನಪಾಯಿತು. ಎರಡೇ ಬಣ್ಣದ ಪೆನ್ಸಿಲ್ಲು, ಗುಲಾಬಿ ಮತ್ತು ನೇರಳೆ. ಹೆಮಟಾಕ್ಸಿಲಿನ್ ಕೋಶದ ನ್ಯೂಕ್ಲಿಯಸ್‌ಗೆ ನೇರಳೆ ಹಿಡಿಸುತ್ತೆ, ಇಯೋಸಿನ್ ಉಳಿದದ್ದಕ್ಕೆ ಗುಲಾಬಿ. ಲಿವರ್, ಕಿಡ್ನಿ, ಥೈರಾಯ್ಡ್ ಎಲ್ಲಾ ಅದೇ ಎರಡು ಬಣ್ಣ. ರಾತ್ರಿ ಎರಡರವರೆಗೆ ಕೂತು ಚುಕ್ಕೆ ಹಾಕುತ್ತಾ ಶಾಪ ಹಾಕಿದ್ದೇನೆ. ಆದರೆ ಒಂದು ಸತ್ಯ: ಬಿಡಿಸಿದ ಸ್ಲೈಡ್ ಇವತ್ತಿಗೂ ಗುರುತು ಸಿಗುತ್ತೆ. ಫ್ರೆಂಡ್‌ನದು ನೋಡಿ ನಕಲು ಮಾಡಿದ್ದು ಯಾವುದೂ ನೆನಪಿಲ್ಲ.

ಪೆನ್ಸಿಲ್ ತುದಿ

ಇದನ್ನೇ ಹೇಳಲು ಬಂದೆ. ಬಿಡಿಸುವುದು ಅಂದರೆ ನೋಡುವುದು. ಸ್ಪೇನ್‌ನ ರಾಮೋನ್ ಇ ಕಹಾಲ್‌ಗೆ ಹುಡುಗನಾಗಿದ್ದಾಗ ಚಿತ್ರಗಾರ ಆಗುವ ಆಸೆ. ಅಪ್ಪ ಡಾಕ್ಟರು, ಬೇಡ ಅಂದರು. (ಸೋದರಮಾವ ಅವರೇ, ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ.) ಕೊನೆಗೆ ಆತ ಮೈಕ್ರೋಸ್ಕೋಪ್ ಮುಂದೆ ಕೂತು ನರಕೋಶಗಳನ್ನು ಬಿಡಿಸಿದ. ಅವು ಒಂದೇ ಬಲೆಯಾಗಿ ಅಂಟಿಕೊಂಡಿಲ್ಲ, ಬಿಡಿ ಬಿಡಿ ಕೋಶಗಳು ಅಂತ ವಾದಿಸಿದ. 1906ರಲ್ಲಿ ನೊಬೆಲ್. ಜೊತೆಗೆ ಹಂಚಿಕೊಂಡ ಗಾಲ್ಗಿ ಇದಕ್ಕೆ ಪೂರ್ತಿ ವಿರುದ್ಧ! ಇಬ್ಬರೂ ನೋಡಿದ್ದು ಒಂದೇ ಬಗೆಯ ಸ್ಲೈಡ್, ಬಣ್ಣ ಹಿಡಿಸುವ ವಿಧಾನ ಗಾಲ್ಗಿಯದೇ.

ಇಟಲಿಯ ಚಿತ್ರಗಾರ ಲಿಯನಾರ್ಡೊ ಡ ವಿಂಚಿಯನ್ನಂತೂ ಹೇಳುವುದೇ ಬೇಡ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆದ, ಅದಕ್ಕೇ ಐನೂರು ವರ್ಷವಾದರೂ ನಿಂತಿದೆ.

ಫಾರ್ಮಲಿನ್ ಮೇಡಂ

ಪೂರ್ತಿ ಹಾಗಲ್ಲ. ಗರ್ಭದಲ್ಲಿ ಮಗು ಮುದುರಿ ಕೂತಿರುವ ಅವನ ಪ್ರಸಿದ್ಧ ಚಿತ್ರ ಇದೆಯಲ್ಲ, ಸುಮಾರು 1511ರದು, ಅದರಲ್ಲಿ ಮಗು ಮನುಷ್ಯರದು, ಮಾಸು (ಪ್ಲಾಸೆಂಟಾ) ಹಸುವಿನದು! ಮನುಷ್ಯರ ಮಾಸು ಒಂದೇ ದುಂಡನೆ ಬಿಲ್ಲೆ. ಹಸುವಿನದು ಅಲ್ಲಲ್ಲಿ ಗುಂಡಿ ಹಾಕಿದ ಹಾಗೆ ಬಿಡಿಬಿಡಿ. ಅವನು ಹಸುವಿನ ಗರ್ಭಕೋಶ ಕೊಯ್ದು ನೋಡಿದ್ದ, ಅದನ್ನೇ ಇಲ್ಲಿ ಸೇರಿಸಿದ. ಚಿತ್ರ ಎಷ್ಟು ಸೊಗಸಾಗಿದೆ ಅಂದರೆ ಯಾರಿಗೂ ಅನುಮಾನ ಬರಲ್ಲ. ಚೆನ್ನಾಗಿ ಬಿಡಿಸಿದ ತಪ್ಪು ಜಾಸ್ತಿ ಅಪಾಯ.

ಪೆನ್ಸಿಲ್ ತುದಿ

ಅದೇ ಮನುಷ್ಯ ಎತ್ತಿನ ಹೃದಯಕ್ಕೆ ಮೇಣ ಸುರಿದು ಅಚ್ಚು ತೆಗೆದು, ಅದರಿಂದ ಗಾಜಿನ ಮಾದರಿ ಮಾಡಲು ಹೊರಟ. ನೀರಲ್ಲಿ ಹುಲ್ಲಿನ ಬೀಜ ಹಾಕಿ ಹರಿಸಿ, ಕವಾಟದ ಹಿಂದೆ ಸುಳಿ ಏಳುತ್ತೆ, ಆ ಸುಳಿಯೇ ಕವಾಟ ಮುಚ್ಚಲು ನೆರವಾಗುತ್ತೆ ಅಂತ ಬರೆದಿಟ್ಟ. ಈಗಿನವರು ಎಂಆರ್‌ಐನಲ್ಲಿ ಆ ಸುಳಿಯನ್ನು ನೋಡುತ್ತಾರೆ. ಒಂದು ಮಾಸು ಹಿಡಿದುಕೊಂಡು ಅವನನ್ನು ಇಳಿಸಬೇಡಿ ಮೇಡಂ.

ಫಾರ್ಮಲಿನ್ ಮೇಡಂ

ಇಳಿಸಲಿಲ್ಲಪ್ಪ. ಪರೀಕ್ಷೆಯಲ್ಲಿ ಆ ಮಾಸು ಬರೆದರೆ ನಾನು ಮಾರ್ಕ್ಸ್ ಕೊಡಲ್ಲ ಅಂದೆ ಅಷ್ಟೇ.

ಗವಿಪುರ ಗೊಣಗಾಟ

ಎಲ್ಲರೂ ಇಟಲಿಗೇ ಓಡುತ್ತೀರಿ. ನಮ್ಮ ಸುಶ್ರುತ ಎಲ್ಲವನ್ನೂ ಆಗಲೇ ಕಂಡುಹಿಡಿದಿದ್ದ. ಇವರೆಲ್ಲಾ ಕದ್ದಿದ್ದು.

ಕಲ್ಲುಕುಟಿಗ

"ಎಲ್ಲವನ್ನೂ" ಬೇಡ ಸರ್, ಇರುವುದನ್ನು ಸರಿಯಾಗಿ ಹೇಳಿದರೆ ಸಾಕು, ಅದೇ ದೊಡ್ಡದು. ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಮೆಲ್ಲಗೆ ಉಜ್ಜಿ ಪದರ ಪದರವಾಗಿ ನೋಡಬೇಕು ಅಂತ ಸುಶ್ರುತ ಸಂಹಿತೆ ಹೇಳುತ್ತೆ. ಚಾಕುವಿಲ್ಲದ ಡಿಸೆಕ್ಷನ್. ಆದರೆ ಮೂಳೆ 300 ಅಂತಲೂ ಅದೇ ಹೇಳುತ್ತೆ. ಈಗಿನ ಎಣಿಕೆ 206. ಹಲ್ಲು, ಮೃದ್ವಸ್ಥಿ ಎಲ್ಲಾ ಸೇರಿಸಿ ಎಣಿಸುವ ರೀತಿಯೇ ಬೇರೆ.

ನಾನು ಸಾಂಪ್ರದಾಯಿಕ ಶಿಲ್ಪ ಕಲಿತವನು. ನಮ್ಮಲ್ಲಿ ಅಳತೆ ಸ್ನಾಯುವಿನಿಂದ ಬರಲ್ಲ, ತಾಳದಿಂದ ಬರುತ್ತೆ. ಮುಖದ ಉದ್ದ ಒಂದು ತಾಳ, ಅದರಲ್ಲಿ 12 ಅಂಗುಲ. ನವತಾಳದ ಮೂರ್ತಿ ಅಂದರೆ 108 ಅಂಗುಲ. ಶ್ರವಣಬೆಳಗೊಳದ ಗೊಮ್ಮಟ ನೋಡಿ, ಸುಮಾರು 58 ಅಡಿ, ಹತ್ತನೇ ಶತಮಾನದ್ದು. ಹೊಟ್ಟೆಯ ಮೇಲೆ ಒಂದು ಸ್ನಾಯು ಗೆರೆ ಇಲ್ಲ. ಉಸಿರು ಒಳಗೆ ನಿಂತಿದೆ ಅನ್ನಿಸುತ್ತೆ. ಬೇಲೂರಿನ ಮದನಿಕೆಯರಲ್ಲೂ ಅಷ್ಟೇ, ಚರ್ಮದ ಕೆಳಗೆ ಏನಿದೆ ಅಂತ ತೋರಿಸುವ ಆಸೆ ಶಿಲ್ಪಿಗೆ ಇಲ್ಲ.

ಪೆನ್ಸಿಲ್ ತುದಿ

ಅಂದರೆ ಗೊತ್ತಿಲ್ಲದೆ ಬಿಟ್ಟಿದ್ದಾ, ಬೇಡ ಅಂತ ಬಿಟ್ಟಿದ್ದಾ?

ಕಲ್ಲುಕುಟಿಗ

ಮೊಣಕಾಲು ಕೆತ್ತುವವನು ಮೊಣಕಾಲು ನೋಡಿರುತ್ತಾನೆ. ಬೇಡ ಅಂತಲೇ.

ಕೋಟೆ ಬೀದಿ

ಮೂಗಿನ ಕಥೆ ಯಾರೂ ಹೇಳಲಿಲ್ಲವಲ್ಲ! ಇದು ನಮ್ಮ ಮೈಸೂರು ಯುದ್ಧದ ಕಾಲದ್ದು.

ಕೋವಾಸ್ಜಿ ಅಂತ ಬ್ರಿಟಿಷ್ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಟಿಪ್ಪು ಕಡೆಯವರ ಕೈಗೆ ಸಿಕ್ಕಿ, ಮೂಗು ಮತ್ತು ಒಂದು ಕೈ ಕತ್ತರಿಸಿ ಬಿಟ್ಟರು. ವರ್ಷದ ಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ವೈದ್ಯ ಅವನಿಗೆ ಹೊಸ ಮೂಗು ಕಟ್ಟಿದ. ಹೇಗೆ ಅಂದರೆ, ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿದ್ದ ಜಾಗಕ್ಕೆ ಒತ್ತಿ ಆಕಾರ ತೆಗೆದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಗೆರೆಯಂತೆ ಹಣೆಯ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆ ಅಂಟಿರುವ ಹಾಗೇ ಬಿಟ್ಟು, ಕೆಳಕ್ಕೆ ತಿರುಗಿಸಿ ಕೂರಿಸಿದ. ಆ ಎಳೆಯಿಂದಲೇ ರಕ್ತ ಸಿಗಬೇಕು. ಜೇಮ್ಸ್ ವೇಲ್ಸ್ ಅನ್ನುವ ಚಿತ್ರಗಾರ ಕೋವಾಸ್ಜಿಯ ಚಿತ್ರ ಬರೆದ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಇದರ ವರದಿ ಚಿತ್ರದ ಸಮೇತ ಬಂತು. ಅದು ತಲೆಗೆ ಹೊಕ್ಕು ಜೋಸೆಫ್ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿದ. ಅಲ್ಲಿಂದ ಯುರೋಪಿಗೆ ಹಬ್ಬಿತು. ಈಗಲೂ ಪ್ಲಾಸ್ಟಿಕ್ ಸರ್ಜನ್‌ಗಳು ಹಣೆಯ ಚರ್ಮ ಬಳಸುತ್ತಾರೆ.

ಗೊಣಗಾಟ ಅವರೇ, ಕದ್ದರು ಅನ್ನುವುದಾದರೆ ಇದನ್ನು ಹಿಡಿದು ಜಗಳ ಆಡಿ, ನಾನೂ ಬರುತ್ತೇನೆ. ಆ ವೈದ್ಯನ ಹೆಸರು ವರದಿಯಲ್ಲಿಲ್ಲ. ರೋಗಿಯ ಹೆಸರಿದೆ, ಚಿತ್ರಗಾರನ ಹೆಸರಿದೆ.

ಗವಿಪುರ ಗೊಣಗಾಟ

ಅದೇ ನಾನು ಹೇಳಿದ್ದು.

ಚಾಮರಾಜಪೇಟೆ ಚಕ್ಲಿ

ನೀವು ಅದನ್ನು ಹೇಳಲಿಲ್ಲ 🙂

ಹಲ್ಲಿನವಳು

ಮೇಣ ಅಂದಿರಿ, ಬಿಡಿಎಸ್ ಮೊದಲ ವರ್ಷ ಕಣ್ಣ ಮುಂದೆ ಬಂತು. ನಾವು ರೋಗಿಯ ಬಾಯಿ ನೋಡುವ ಮೊದಲು ಹಲ್ಲು ಕೆತ್ತಬೇಕು. ಕೈಯಲ್ಲಿ ಒಂದು ಮೇಣದ ಗಟ್ಟಿ, ಲೆಕ್ರಾನ್ ಕಾರ್ವರ್ ಅನ್ನುವ ಪುಟ್ಟ ಚಾಕು, ಸ್ಕೇಲು. ಮುಂದಿನ ಹಲ್ಲು ಹೇಗೋ ಆಗಿಬಿಡುತ್ತೆ. ಮೇಲ್ದವಡೆಯ ಮೊದಲ ದವಡೆ ಹಲ್ಲು ಬಂದಾಗ ಅಳು ಬರುತ್ತೆ. ನಾಲ್ಕು ದಿಬ್ಬ, ಅವುಗಳ ನಡುವೆ ಓರೆಯಾಗಿ ಹಾಯುವ ಏಣು, ಕೆಲವರಲ್ಲಿ ಒಳಬದಿಗೆ ಇನ್ನೊಂದು ಪುಟ್ಟ ಉಬ್ಬು. ಒಂದು ಸಲ ಜಾಸ್ತಿ ಕೆರೆದರೆ ಮೇಣ ವಾಪಸ್ ಅಂಟಲ್ಲ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೂ ಬೆರಳ ಬಿಸಿಗೇ ಏಣು ಮೆತ್ತಗಾಗಿ ಹೋಗುತ್ತೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಹುಡುಗ ಉಳಿದ ಚೂರಿನಲ್ಲಿ ಗಣಪತಿ ಕೆತ್ತಿ ಸಿಕ್ಕಿಬಿದ್ದ. ಮೇಡಂ ಬೈದು, ಗಣಪತಿಯನ್ನು ತಾವೇ ಇಟ್ಟುಕೊಂಡರು.

ಈಗ ಕ್ಯಾಮೆರಾ ಬಾಯಿಯೊಳಗೆ ಆಡಿಸಿದರೆ ಸ್ಕ್ಯಾನ್, ಮೆಷಿನ್ನೇ ಕ್ಯಾಪ್ ಕಡೆದು ಕೊಡುತ್ತೆ. ಹಾಗಂತ ಕೆತ್ತುವುದು ವ್ಯರ್ಥ ಅಲ್ಲ. ಮೆಷಿನ್ ಕೊಟ್ಟ ಹಲ್ಲು ಎತ್ತರ ಜಾಸ್ತಿ ಇದೆಯಾ, ಕಚ್ಚುವಾಗ ಎಲ್ಲಿ ತಾಗುತ್ತೆ ಅಂತ ಹಿಡಿಯುವುದು ಆ ಕೆತ್ತಿದ ಕಣ್ಣೇ.

ನಮ್ಮಲ್ಲೇ ಕೆಲವರು ಕೃತಕ ಕಣ್ಣು, ಕಿವಿ, ಮೂಗು ಮಾಡುತ್ತಾರೆ. ಕ್ಯಾನ್ಸರ್‌ನಲ್ಲಿ, ಅಪಘಾತದಲ್ಲಿ ಕಳೆದುಕೊಂಡವರಿಗೆ. ಅಕ್ರಿಲಿಕ್ ಕಣ್ಣಿನ ಪಾಪೆಯ ಸುತ್ತ ಕಂದು ಬಣ್ಣವನ್ನು ಪದರ ಪದರವಾಗಿ ಬರೆಯಬೇಕು. ಬಿಳಿ ಭಾಗದ ಕೆಂಪು ರಕ್ತನಾಳಗಳಿಗೆ ಏನು ಹಾಕುತ್ತಾರೆ ಗೊತ್ತಾ? ಕೆಂಪು ದಾರದ ಎಳೆ ಬಿಡಿಸಿ, ಒಂದೊಂದಾಗಿ ಅಂಟಿಸುವುದು. ಸಿಲಿಕೋನ್ ಕಿವಿಯ ಬಣ್ಣ ಟ್ಯೂಬ್‌ಲೈಟ್‌ನಲ್ಲಿ ಸರಿ ಹೊಂದಿದ್ದು ಬಿಸಿಲಿಗೆ ಬಂದರೆ ಬೇರೆಯೇ ಕಾಣುತ್ತೆ. ಅದಕ್ಕೆ ರೋಗಿಯನ್ನು ಕಿಟಕಿ ಹತ್ತಿರ ಕೂರಿಸಿಕೊಂಡು ಬೆರೆಸುತ್ತಾರೆ. ಇದು ಕಲೆ ಅಲ್ಲದಿದ್ದರೆ ಇನ್ನೇನು?

ಬನಶಂಕರಿ ಬಿಂದಾಸ್

ಇದು ಕೈಕೆಲಸ. ಕಲೆ ಬೇರೆ, ಕೈಕೆಲಸ ಬೇರೆ.

ಕಲ್ಲುಕುಟಿಗ

ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಜೈಪುರ ಕಾಲು ಕೇಳಿದ್ದೀರಾ? 1968ರ ಸುಮಾರಿಗೆ ಮಾಡಿದ್ದು. ಡಾ. ಪಿ.ಕೆ. ಸೇಠಿ ಜೊತೆ ಕೂತು ಆ ಪಾದ ರೂಪಿಸಿದ್ದು ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕರಕುಶಲ ಕಲಿಸುತ್ತಿದ್ದವರು. ಮಾಸ್ಟರ್‌ಜಿ ಅಂತಲೇ ಹೆಸರು. ವಿದೇಶಿ ಕೃತಕ ಕಾಲಿಗೆ ಶೂ ಬೇಕು, ಕುಕ್ಕರುಗಾಲಲ್ಲಿ ಕೂರಲು ಆಗಲ್ಲ, ಗದ್ದೆಗೆ ಇಳಿಯಲು ಆಗಲ್ಲ. ಇವರು ರಬ್ಬರಿನಲ್ಲಿ ಬೆರಳಿನ ಸಮೇತ ಪಾದ ಮಾಡಿದರು. ಬರಿಗಾಲಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಾರಿಗೆ? ಡಾಕ್ಟರಿಗೆ. ನೀವು ಹೇಳುವ "ಕೈಕೆಲಸ"ದ ಬೆಲೆ ಅಷ್ಟು.

ಅವೆನ್ಯೂ ರೋಡ್ ಹಳೇಪುಸ್ತಕ

ಹೆಸರು ಬಿಟ್ಟುಹೋಗುವ ವಿಷಯಕ್ಕೆ ಬಂದರೆ ಹೆನ್ರಿ ವ್ಯಾಂಡೈಕ್ ಕಾರ್ಟರ್ ಇದ್ದಾನೆ. 1858ರ ಗ್ರೇಸ್ ಅನಾಟಮಿ ಅನ್ನುವ ಪಠ್ಯಪುಸ್ತಕ ಡಾಕ್ಟರ್‌ಗಳಿಗೆಲ್ಲಾ ಗೊತ್ತು. ಬರೆದದ್ದು ಗ್ರೇ, ಆದರೆ ಅದರ ಚಿತ್ರವೆಲ್ಲಾ ಕಾರ್ಟರ್‌ನದು. ಮೂಳೆಯ ಮೇಲೇ, ಸ್ನಾಯುವಿನ ಮೇಲೇ ಅದರ ಹೆಸರು ಬರೆಯುವ ರೀತಿ ಆ ಪುಸ್ತಕವನ್ನು ಗೆಲ್ಲಿಸಿತು. ಓದುವವನು ಎ, ಬಿ, ಸಿ ಅಂತ ಕೆಳಗೆ ಹುಡುಕಬೇಕಾಗಿಲ್ಲ. ಅವನಿಗೆ ಒಂದು ಸಲ 150 ಪೌಂಡ್ ಕೊಟ್ಟರು, ಅಷ್ಟೇ. ಮಾರಾಟದ ಪಾಲಿಲ್ಲ. ಅಚ್ಚಿನ ಕರಡಿನಲ್ಲಿ ಅವನ ಹೆಸರಿನ ಅಕ್ಷರ ಚಿಕ್ಕದು ಮಾಡಿ ಅಂತ ಗ್ರೇ ಗುರುತು ಹಾಕಿದ್ದನಂತೆ. ಪುಸ್ತಕ ಬರುವ ವರ್ಷವೇ ಕಾರ್ಟರ್ ಹಡಗು ಹತ್ತಿ ಬೊಂಬಾಯಿಗೆ ಬಂದ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ, ಕುಷ್ಠರೋಗದ ಅಧ್ಯಯನ, ಹೊಲದ ಕೂಲಿಗಳ ಕಾಲಿಗೆ ಬರುವ ಶಿಲೀಂಧ್ರದ ಹುಣ್ಣಿನ ಬಗ್ಗೆ ಸಂಶೋಧನೆ. ಮೂವತ್ತು ವರ್ಷ ನಮ್ಮ ದೇಶದಲ್ಲೇ ಕಳೆದ.

ಸುಮ್ನೆ ಓದುಗ

ಸ್ವಲ್ಪ ಬೇರೆ ವಿಷಯ. ನಿಮ್ಹಾನ್ಸ್‌ನ ಬ್ರೇನ್ ಮ್ಯೂಸಿಯಂಗೆ ಯಾರಾದರೂ ಹೋಗಿದ್ದೀರಾ? ನಿಜವಾದ ಮೆದುಳನ್ನು ಮುಟ್ಟಿ ನೋಡಲು ಬಿಡುತ್ತಾರಂತೆ.

ಪಿಂಕ್ ಪರ್ಪಲ್

ಬಿಡುತ್ತಾರೆ, ಗ್ಲೌಸ್ ಹಾಕಿಕೊಂಡು. ಪಾರ್ಶ್ವವಾಯು, ಗಡ್ಡೆ, ಜಂತು ಸೇರಿದ ಮೆದುಳು ಎಲ್ಲಾ ಜಾಡಿಗಳಲ್ಲಿ ಇವೆ. ಕೈಗೆ ಕೊಟ್ಟಾಗ ಭಾರ ನೋಡಿ ಬೆರಗಾಗುತ್ತೆ. ಸಾರ್ವಜನಿಕರಿಗೆ ಯಾವ ದಿನ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗಿ. ಗಾಡಿ ಬೇಡ, ಹೊಸೂರು ರಸ್ತೆಯ ಕಥೆ ಗೊತ್ತಲ್ಲ.

ಚಾಮರಾಜಪೇಟೆ ಚಕ್ಲಿ

ಅಲ್ಲಿಗೆ ಹೋಗುವಷ್ಟರಲ್ಲಿ ನಮ್ಮದೇ ಮೆದುಳು ಜಾಡಿಗೆ ಹಾಕುವ ಸ್ಥಿತಿಗೆ ಬಂದಿರುತ್ತೆ.

ಕಪ್ಪುಬಿಳುಪು

ಆ ಜಾಡಿಗಳ ಹಿಂದೆ ಒಪ್ಪಿ ಕೊಟ್ಟ ಮನೆಯವರಿದ್ದಾರೆ ಅನ್ನುವುದನ್ನು ಮರೆಯಬಾರದು. ದೇಹದ ಚಿತ್ರದ ಇತಿಹಾಸದಲ್ಲಿ "ಯಾರ ದೇಹ?" ಅಂತ ಕೇಳಿದವರು ಕಮ್ಮಿ. ರೆಂಬ್ರಾಂಟ್ 1632ರಲ್ಲಿ ಬರೆದ ಅನಾಟಮಿ ಪಾಠದ ಚಿತ್ರದಲ್ಲಿ ಮಲಗಿರುವವನು ಆಗಷ್ಟೇ ಗಲ್ಲಿಗೇರಿದ ಕಳ್ಳ. 1994ರಲ್ಲಿ ಬಂದ ವಿಸಿಬಲ್ ಹ್ಯೂಮನ್ ಅನ್ನುವ ಡಿಜಿಟಲ್ ದೇಹವೂ ಟೆಕ್ಸಾಸ್‌ನಲ್ಲಿ ಮರಣದಂಡನೆಗೆ ಗುರಿಯಾದವನದೇ. ಹೆಪ್ಪುಗಟ್ಟಿಸಿ ಒಂದೊಂದು ಮಿಲಿಮೀಟರ್ ಸವೆಸುತ್ತಾ ಫೋಟೋ ತೆಗೆದರು. ಅವನು ದೇಹದಾನಕ್ಕೆ ಸಹಿ ಹಾಕಿದ್ದ. ಆದರೆ ಇಂಥದ್ದಕ್ಕೆ ಅಂತ ಅವನಿಗೆ ಎಷ್ಟು ತಿಳಿದಿತ್ತೋ.

ಫಾರ್ಮಲಿನ್ ಮೇಡಂ

ಅದಕ್ಕಿಂತ ಕಷ್ಟದ್ದು ಪೆರ್ನ್‌ಕಾಫ್ ಅಟ್ಲಾಸ್. ವಿಯೆನ್ನಾ ವಿಶ್ವವಿದ್ಯಾಲಯದ್ದು, ಅದನ್ನು ಮಾಡಿಸಿದ ಪೆರ್ನ್‌ಕಾಫ್ ನಾಜಿ. ಕೆಲವು ಚಿತ್ರಗಾರರ ಸಹಿಯಲ್ಲೇ ಸ್ವಸ್ತಿಕ ಇತ್ತು. ನಾಜಿ ಕಾಲದಲ್ಲಿ ಕೊಂದ ಸಾವಿರಕ್ಕೂ ಹೆಚ್ಚು ಜನರ ದೇಹ ಆ ಅನಾಟಮಿ ವಿಭಾಗಕ್ಕೆ ಹೋಗಿತ್ತು ಅಂತ ವಿಶ್ವವಿದ್ಯಾಲಯದ್ದೇ ತನಿಖೆ 1998ರಲ್ಲಿ ಹೇಳಿತು. ಕಹಿ ಸಂಗತಿ ಅಂದರೆ, ನರಗಳ ಆಪರೇಷನ್ ಮಾಡುವವರು ಇವತ್ತಿಗೂ ಅಷ್ಟು ಸೂಕ್ಷ್ಮ ಚಿತ್ರ ಬೇರೆ ಕಡೆ ಸಿಗಲ್ಲ ಅಂತಾರೆ. ನಾನು ತರಗತಿಗೆ ತರುವುದಿಲ್ಲ. ತರಬೇಕು, ತಂದು ಕಥೆ ಹೇಳಬೇಕು ಅನ್ನುವವರೂ ನಮ್ಮ ವಿಭಾಗದಲ್ಲಿದ್ದಾರೆ.

ನಮ್ಮಲ್ಲೂ ಕರ್ನಾಟಕ ಅನಾಟಮಿ ಕಾಯ್ದೆ, 1957ರದು, ವಾರಸುದಾರರಿಲ್ಲದ ದೇಹವನ್ನು ಕಾಲೇಜಿಗೆ ಕೊಡಲು ಅವಕಾಶ ಕೊಡುತ್ತೆ. ಸಹಿ ಹಾಕಿ ಕೊಟ್ಟ ದೇಹವೂ ಬರುತ್ತೆ, ಕೇಳುವವರಿಲ್ಲದ ದೇಹವೂ ಬರುತ್ತೆ.

ಕೋಟೆ ಬೀದಿ

ಅಪ್ಪು ಕಣ್ಣು ದಾನ ಆದಾಗ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ, ಎರಡು ಕಣ್ಣಿಂದ ನಾಲ್ಕು ಹೇಗೆ ಅಂತ ನಮ್ಮ ಬೀದಿಯಲ್ಲಿ ದೊಡ್ಡ ಚರ್ಚೆ ಆಗಿತ್ತು.

ಪಿಂಕ್ ಪರ್ಪಲ್

ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಪದರ ಬಿಡಿಸಿ. ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ. ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರ್ ಅಷ್ಟೇ!

ಅಕ್ಕನ ಮಗಳು

ಮಾವ, ಜಯನಗರ ಅಂತ ಹೆಸರಿಟ್ಟುಕೊಂಡರೆ ಗೊತ್ತಾಗಲ್ಲ ಅಂದುಕೊಂಡ್ರಾ? 🙄 ಅಮ್ಮ ಲಿಂಕ್ ಕಳಿಸಿದಳು.

ಬಂದಿದ್ದೇನೆ, ನನ್ನ ಮಾತೂ ಹೇಳಿಬಿಡುತ್ತೇನೆ. ನನಗೆ ಮೆಷಿನ್ ಜೊತೆ ಪೈಪೋಟಿ ಬೇಡ. ನನಗಿರುವ ಸಿಟ್ಟು ಬೇರೆ. ಅಟ್ಲಾಸ್‌ಗಳಲ್ಲಿ ಚರ್ಮ ಬಹುಪಾಲು ಬಿಳಿ. 2021ರಲ್ಲಿ ನೈಜೀರಿಯಾದ ಚಿಡಿಯೆಬೆರೆ ಇಬೆ ಅನ್ನುವವರು ಕಪ್ಪು ಚರ್ಮದ ತಾಯಿ, ಹೊಟ್ಟೆಯಲ್ಲಿ ಕಪ್ಪು ಮಗು ಬರೆದು ಹಾಕಿದರು. ಜಗತ್ತೆಲ್ಲಾ ಹಂಚಿತು, ಯಾಕೆಂದರೆ ಅದುವರೆಗೆ ಬಹಳಷ್ಟು ಜನ ಅಂಥದ್ದು ನೋಡಿರಲಿಲ್ಲ. ನಮ್ಮ ಅಜ್ಜಿಯ ಕಾಲಿನ ಸೋಂಕು "ಕೆಂಪಗಾಗುತ್ತೆ" ಅಂತ ಪುಸ್ತಕ ಹೇಳುತ್ತೆ. ಅಜ್ಜಿಯ ಬಣ್ಣಕ್ಕೆ ಅದು ಕೆಂಪಗೆ ಕಾಣಲೇ ಇಲ್ಲ, ಗಾಢ ಕಂದು ಆಗಿ ಮಿನುಗುತ್ತಿತ್ತು. ನೋಡಿದವರು ಎರಡು ದಿನ ಸುಮ್ಮನಿದ್ದರು. ನನಗೆ ಅದನ್ನು ಬರೆಯಬೇಕು. ಸಿಟಿ ಸ್ಕ್ಯಾನ್‌ನಲ್ಲಿ ಚರ್ಮದ ಬಣ್ಣ ಬರಲ್ಲ ಅಲ್ವಾ?

ಕಪ್ಪುಬಿಳುಪು

ಬರಲ್ಲ. ಎಲ್ಲರ ಚರ್ಮವೂ ಒಂದೇ ಬೂದು.

ಬನಶಂಕರಿ ಬಿಂದಾಸ್

ಎಐಗೆ ಹೇಳಿದರೆ ಎರಡು ನಿಮಿಷದಲ್ಲಿ ಕಂದು ಚರ್ಮ ಬರೆದು ಕೊಡುತ್ತೆ ತಂಗಿ.

ಹಲ್ಲಿನವಳು

2024ರಲ್ಲಿ ಎಐ ಬರೆದ ಇಲಿಯ ಚಿತ್ರ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಇಲಿಯ ಜನನಾಂಗ ಇಲಿಗಿಂತ ದೊಡ್ಡದು, ಹೆಸರಿನ ಪಟ್ಟಿಯಲ್ಲಿ ಭಾಷೆಯೇ ಅಲ್ಲದ ಪದಗಳು. ಜಗತ್ತು ನಕ್ಕ ಮೇಲೆ ವಾಪಸ್ ತೆಗೆದುಕೊಂಡರು. ನಾನು ಹಲ್ಲಿನ ಚಿತ್ರ ಕೇಳಿದಾಗ ಒಂದೇ ದವಡೆಯಲ್ಲಿ ಬಾಚಿಹಲ್ಲು ನಾಲ್ಕರ ಬದಲು ಆರು ಕೊಟ್ಟಿತ್ತು.

ವೈಟ್‌ಫೀಲ್ಡ್ ವಾಕ್ಸೆಲ್

ಎಐ ಸುಧಾರಿಸುತ್ತೆ, ಆ ಭರವಸೆಯಲ್ಲಿ ಕೂರಬೇಡಿ. ಆದರೆ ಒಂದು ಮಾತು. ಎಐಗೆ "ಇದು ಲಿವರ್, ಇದು ಗಡ್ಡೆ" ಅಂತ ಕಲಿಸಲು ಮೊದಲು ಯಾರೋ ಒಬ್ಬರು ಸ್ಕ್ಯಾನ್‌ನ ಸ್ಲೈಸ್ ಸ್ಲೈಸಿಗೂ ಕೂತು ಅಂಚು ಎಳೆದಿರಬೇಕು. ನಮ್ಮ ತಂಡದಲ್ಲಿ ಆ ಗೆರೆ ಚೆನ್ನಾಗಿ ಎಳೆಯುವವರು ಚಿತ್ರ ಬಲ್ಲವರೇ. ರೋಬೋಟ್ ಸರ್ಜರಿಯೂ ಅಷ್ಟೇ. ಡ ವಿಂಚಿ ಅಂತ ಹೆಸರಿಟ್ಟ ಮಾತ್ರಕ್ಕೆ ಅದೇ ಆಪರೇಷನ್ ಮಾಡಲ್ಲ, ಪಕ್ಕದ ಕನ್ಸೋಲ್‌ನಲ್ಲಿ ಕೂತ ಸರ್ಜನ್ ಕೈ ಆಡಿಸಿದಂತೆ ಆಡುತ್ತೆ.

ತಂಗಿ, ಕೈಯಲ್ಲಿ ಬಿಡಿಸುವುದರ ಜೊತೆ ಬ್ಲೆಂಡರ್ ಅನ್ನುವ 3ಡಿ ಚಿತ್ರದ ಸಾಫ್ಟ್‌ವೇರ್ ಕಲಿ. 3ಡಿ ಸ್ಲೈಸರ್ ಉಚಿತ, ಸ್ಕ್ಯಾನ್ ಫೈಲ್ ತೆರೆದು ನೀನೇ ಬಣ್ಣ ಕೊಟ್ಟು ನೋಡು. ಇಷ್ಟು ಬಂದರೆ ಅನಿಮೇಷನ್ ಸ್ಟುಡಿಯೋ, ಉಪಕರಣದ ಕಂಪನಿ ಎರಡೂ ಕಡೆ ಬಾಗಿಲು ಇದೆ. ಸಂಬಳ ಮೊದಲ ವರ್ಷಗಳಲ್ಲಿ ನಮ್ಮ ಫ್ರೆಷರ್‌ಗಳಿಗಿಂತ ಕಮ್ಮಿ, ಅದನ್ನು ಮುಚ್ಚಿಡಲ್ಲ.

ಅವೆನ್ಯೂ ರೋಡ್ ಹಳೇಪುಸ್ತಕ

ಕರಾರು ಓದದೆ ಸಹಿ ಹಾಕಬೇಡಮ್ಮ. ಹಕ್ಕು ಯಾರದು, ಎಷ್ಟು ಸಲ ಅಚ್ಚು ಮಾಡಬಹುದು, ಹೆಸರು ಎಲ್ಲಿ ಬರುತ್ತೆ, ಎಲ್ಲಾ ಬರೆಸಿಕೋ. ಕಾರ್ಟರ್‌ಗೆ ಆದದ್ದು ಈಗಲೂ ಆಗುತ್ತಿದೆ.

ಫಾರ್ಮಲಿನ್ ಮೇಡಂ

ಮೊದಲು ಅನಾಟಮಿ ಗಟ್ಟಿ ಮಾಡಿಕೋ. ಯಾವುದಾದರೂ ಕಾಲೇಜಿನ ವಿಭಾಗಕ್ಕೆ ಪತ್ರ ಬರೆದು, ಮ್ಯೂಸಿಯಂನಲ್ಲಿ ಕೂತು ಬಿಡಿಸಲು ಅನುಮತಿ ಕೇಳು. ಕೆಲವರು ಬೇಡ ಅಂತಾರೆ, ಕೆಲವರು ಖುಷಿಯಿಂದ ಬಿಡುತ್ತಾರೆ. ಫೋಟೋ ತೆಗೆಯುವ ಹಾಗಿಲ್ಲ, ಅದು ನೆನಪಿರಲಿ.

ಜಯನಗರದ ಸೋದರಮಾವ

ಭಾವ ಈ ಚರ್ಚೆ ಪೂರ್ತಿ ಓದಿದರು. "ಸಂಬಳ ಕಮ್ಮಿ ಅಂತ ಅವರೇ ಬರೆದಿದ್ದಾರೆ ನೋಡು" ಅಂತ ಆ ಒಂದು ಸಾಲು ಮಾತ್ರ ಹಿಡಿದುಕೊಂಡಿದ್ದಾರೆ.

ಸುಮ್ನೆ ಓದುಗ

ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಅಟ್ಲಾಸ್ ಸಿಗುತ್ತಾ? ಹೊಸದರ ಬೆಲೆ ನೋಡಿ ಎದೆ ಹಿಡಿದುಕೊಂಡೆ.

ಪಿಂಕ್ ಪರ್ಪಲ್

ಸಿಗುತ್ತೆ, ಚೌಕಾಸಿ ಮಾಡಿ. ಆದರೆ ಹಾಳೆ ತಿರುಗಿಸಿ ನೋಡಿ ತಗೊಳ್ಳಿ. ಹಿಂದೆ ಓದಿದವನು ಹೈಲೈಟರ್‌ನಲ್ಲಿ ಪುಟವೆಲ್ಲಾ ಹಳದಿ ಮಾಡಿರ್ತಾನೆ, ನರ ಯಾವುದು ಅಂತ ದೇವರಿಗೂ ಗೊತ್ತಾಗಲ್ಲ.